ಎಂಟು ಗಂಟೆಯಲ್ಲಿ ಒಂದು ದೇಶ: ಕ್ರೂಸ್ ಹಡಗಿನಲ್ಲಿ ಮಧ್ಯ ಅಮೆರಿಕದ ಬಂದರುಗಳಿಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಏಳು ಗಂಟೆಗೆ ಕ್ಯಾಬಿನ್ನಿನ ಪರದೆ ಸರಿಸಿದ ನನ್ನ ತಂದೆಗೆ ಊರೇ ಕಾಣಲಿಲ್ಲ. ಸುತ್ತಲೂ ನೀರು. ದೂರದಲ್ಲಿ ಸೀರೆಯ ಅಂಚಿನಷ್ಟು ತೆಳುವಾದ ಒಂದು ಹಸಿರು ಗೆರೆ. ಹಡಗು ಮಾತ್ರ ನಿಂತಲ್ಲೇ ನಿಂತಿತ್ತು. “ಎಂಜಿನ್ ಏನಾದರೂ ಕೆಟ್ಟಿತೇ?” ಎಂದು ಕೇಳಿದರು. ಕೆಟ್ಟಿರಲಿಲ್ಲ; ನಾವು ಬೆಲೀಝ್ ತಲುಪಿದ್ದೆವು. ಅಲ್ಲಿನ ಕರಾವಳಿಯಲ್ಲಿ ಕಡಲಿನ ಆಳ ತೀರ ಕಡಿಮೆ. ದೊಡ್ಡ ಹಡಗುಗಳು ದಡದಿಂದ ಹಲವು ಕಿಲೋಮೀಟರ್ ಆಚೆಯೇ ಲಂಗರು ಹಾಕಬೇಕು, ಪ್ರಯಾಣಿಕರು ಸಣ್ಣ ದೋಣಿಗಳಲ್ಲಿ ಊರಿಗೆ ಹೋಗಬೇಕು.

ನಮ್ಮ ಸರದಿ ಬಂದು ದಡ ಮುಟ್ಟುವಾಗ ಹನ್ನೊಂದು ಗಂಟೆ. ಕೊನೆಯ ದೋಣಿ ಮೂರೂವರೆಗೆ. ನೋಡಬೇಕೆಂದು ತಿಂಗಳುಗಟ್ಟಲೆ ಕನಸು ಕಂಡಿದ್ದ ಶುನಾಂತುನಿಚ್ ಎಂಬ, ಇಲ್ಲಿನ ಪ್ರಾಚೀನ ಮಾಯಾ ಜನಾಂಗದ ಹಾಳು ನಗರಿಗೆ ಹೋಗಲು ಸುಮಾರು ಎರಡು ಗಂಟೆ, ಬರಲು ಇನ್ನೆರಡು. ಲೆಕ್ಕ ಅಲ್ಲೇ ಮುಗಿಯಿತು. ಆ ದಿನ ನಾವು ಬೇಲಿಯೊಳಗಿನ ಅಂಗಡಿ ಸಾಲಿನಲ್ಲಿ ಓಡಾಡಿ, ಒಂದು ಬಾಟಲಿ ಖಾರದ ಸಾಸ್ ಕೊಂಡು ಹಡಗಿಗೆ ಮರಳಿದೆವು. ಶಿರಸಿಯಿಂದ ಅಷ್ಟು ದೂರ ಬಂದ ತಂದೆ ತಾಯಿಗೆ ನಾನು ಒಂದು ದೇಶವನ್ನು ತೋರಿಸಲಿಲ್ಲ, ಒಂದು ಅಂಗಡಿ ಬೀದಿಯನ್ನು ತೋರಿಸಿದೆ ಎಂಬ ಕೊರಗು ಇಂದಿಗೂ ಇದೆ.

ಅಮೆರಿಕದಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳು ಊರಿನಿಂದ ಬಂದ ಹಿರಿಯರನ್ನು ಕ್ರೂಸ್‌ಗೆ ಕರೆದೊಯ್ಯುತ್ತವೆ. ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಿಂದಲೋ ಫ್ಲೋರಿಡಾದ ಬಂದರುಗಳಿಂದಲೋ ಹೊರಟ ಹಡಗು ಒಂದು ಬಂದರಿನಲ್ಲಿ ಸಾಮಾನ್ಯವಾಗಿ ಎಂಟು ಗಂಟೆ ನಿಲ್ಲುತ್ತದೆ. ಕೈಗೆ ನಿಜವಾಗಿ ಸಿಗುವುದು ಐದು. ಆ ಐದು ಗಂಟೆಯಲ್ಲಿ ಏನನ್ನು ಬಿಡಬೇಕು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿದವರು ಏನನ್ನಾದರೂ ನೋಡಿ ಬರುತ್ತಾರೆ. ನಂತರದ ಎರಡು ಪ್ರಯಾಣಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಟಿಕೆಟ್ ಕೊಳ್ಳುವ ಮೊದಲು ಬಂದರಿನ ಹೆಸರನ್ನು ಸರಿಯಾಗಿ ಓದಿ

ಪ್ರಯಾಣದ ಪಟ್ಟಿಯಲ್ಲಿ “ಗ್ವಾಟೆಮಾಲ” ಎಂದಷ್ಟೇ ಇದ್ದರೆ ಸಾಲದು. ಆ ದೇಶಕ್ಕೆ ಎರಡು ಕಡಲು. ಕೆರಿಬಿಯನ್ ಕಡೆ ಸಾಂತೊ ತೊಮಾಸ್ ದೆ ಕಾಸ್ತಿಯಾ, ಪೆಸಿಫಿಕ್ ಕಡೆ ಪ್ವೆರ್ತೊ ಕೆತ್ಸಾಲ್. ಜ್ವಾಲಾಮುಖಿಗಳ ನಡುವಿನ ಹಳೆಯ ರಾಜಧಾನಿ ಆಂಟಿಗ್ವಾ ನೋಡಬೇಕೆಂದು ಆಸೆಪಟ್ಟು ಮೊದಲನೆಯ ಬಂದರಿಗೆ ಹೋಗುವ ಹಡಗು ಹತ್ತಿದರೆ ಅದು ಒಂದು ದಿನದ ಮಾತಲ್ಲ. ಕೋಸ್ಟರಿಕವೂ ಹಾಗೆಯೇ: ಕೆರಿಬಿಯನ್‌ನಲ್ಲಿ ಲಿಮೋನ್, ಪೆಸಿಫಿಕ್‌ನಲ್ಲಿ ಪುಂತಾರೆನಾಸ್. ಒಂದು ವಾರದ ಪ್ರಯಾಣಗಳಲ್ಲಿ ಹೆಚ್ಚಾಗಿ ಬರುವುದು ಬೆಲೀಝ್ ಮತ್ತು ಹೊಂಡುರಾಸ್‌ನ ರೊವಾಟಾನ್ ದ್ವೀಪ. ಲಿಮೋನ್, ಪನಾಮಾ ಬೇಕೆಂದರೆ ಇನ್ನೂ ಕೆಲವು ದಿನ ಕೈಯಲ್ಲಿರಬೇಕು. ಪನಾಮಾ ಕಾಲುವೆಯನ್ನು ಪೂರ್ತಿ ದಾಟಿ ಕ್ಯಾಲಿಫೋರ್ನಿಯಾ ಸೇರುವ ಹಡಗಿಗೆ ಎರಡು ವಾರಗಳ ಆಸುಪಾಸು ಹಿಡಿಯುತ್ತದೆ.

ಪ್ರತಿ ಬಂದರಿನ ಮುಂದೆ “ಧಕ್ಕೆಯೋ ದೋಣಿಯೋ” ಎಂದು ಬರೆದಿಟ್ಟುಕೊಳ್ಳಿ. ಹಡಗು ಧಕ್ಕೆಗೆ ತಾಗಿ ನಿಂತರೆ ಸೇತುವೆಯಂತಹ ಹಾದಿಯಲ್ಲಿ ನಡೆದೇ ಇಳಿಯಬಹುದು. ದೋಣಿಯಾದರೆ, ಅಂದರೆ ಹಡಗಿನವರು ಟೆಂಡರ್ ಎಂದು ಕರೆಯುವ ವ್ಯವಸ್ಥೆಯಾದರೆ, ಚೀಟಿ ಪಡೆದು ಸರದಿ ಕಾಯಬೇಕು, ಅಲೆಯಲ್ಲಿ ಏರಿಳಿಯುವ ದೋಣಿಗೆ ಕಾಲಿಡಬೇಕು. ಬೆಲೀಝ್ ಸಿಟಿ ಮತ್ತು ನಿಕರಾಗುವದ ಸಾನ್ ಹ್ವಾನ್ ದೆಲ್ ಸುರ್ ಎರಡೂ ದೋಣಿಯ ಬಂದರುಗಳು. ಮಂಡಿನೋವಿರುವವರು, ಗಾಲಿಕುರ್ಚಿ ಬಳಸುವವರು ಜೊತೆಗಿದ್ದರೆ ಈ ಒಂದು ವಿಷಯವೇ ಪ್ರಯಾಣದ ಆಯ್ಕೆಯನ್ನು ನಿರ್ಧರಿಸಬೇಕು. ಕಡಲು ಒರಟಾಗಿದ್ದ ದಿನ ಗಾಲಿಕುರ್ಚಿಯವರನ್ನು ದೋಣಿಗೆ ಇಳಿಸುವುದಿಲ್ಲ.

ಕಾಲವನ್ನೂ ನೋಡಿಕೊಳ್ಳಿ. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಆಗ ಟಿಕೆಟ್ ಅಗ್ಗ, ಆದರೆ ಬಂದರು ಬದಲಾಗುವ ಸಾಧ್ಯತೆ ಹೆಚ್ಚು. ನಮ್ಮ ಮಳೆಗಾಲದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಲಿಮೋನ್‌ನಲ್ಲಿ ಹನ್ನೆರಡು ತಿಂಗಳೂ ಮಳೆ. ಡಿಸೆಂಬರ್‌ನಲ್ಲಂತೂ ಜೋರು, ಕೊಂಚ ಬಿಡುವು ಸಿಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದೇ ದೇಶದ ಪೆಸಿಫಿಕ್ ದಡದಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಬಿಸಿಲು.

ಹಂತ 2: ಕಾಗದಪತ್ರ ಮತ್ತು ಹಳದಿ ಜ್ವರದ ಲಸಿಕೆ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೊದಲ ಪ್ರಶ್ನೆ ಮಧ್ಯ ಅಮೆರಿಕದ ವೀಸಾ ಅಲ್ಲ, ಅಮೆರಿಕಕ್ಕೆ ಮರಳಿ ಬರುವುದು ಹೇಗೆ ಎಂಬುದು. ಮಯಾಮಿಯಿಂದ ಹೊರಟ ಹಡಗು ಮಯಾಮಿಗೇ ಬಂದರೂ ಅದು ಹೊಸ ಪ್ರವೇಶವೇ. ಆದ್ದರಿಂದ ಹಿರಿಯರ ಸಂದರ್ಶಕ ವೀಸಾ ಬಹುಪ್ರವೇಶದ್ದೇ, ವಾಪಸಾಗುವ ದಿನವೂ ಚಾಲ್ತಿಯಲ್ಲಿರುತ್ತದೆಯೇ ಎಂದು ನೋಡಿ. ಗ್ರೀನ್ ಕಾರ್ಡ್ ಇರುವವರು ಕಾರ್ಡನ್ನೂ ಪಾಸ್‌ಪೋರ್ಟನ್ನೂ ಒಟ್ಟಿಗೆ ಒಯ್ಯಬೇಕು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದವರಿಗೆ ಈ ಭಾಗದ ಹಲವು ದೇಶಗಳು ರಿಯಾಯಿತಿ ಕೊಡುತ್ತವೆ. ಆದರೆ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಪ್ರತಿ ಬಂದರಿನ ಹೆಸರು ಹಾಕಿ, ಭಾರತದ ಪಾಸ್‌ಪೋರ್ಟ್ ಎಂದು ಸ್ಪಷ್ಟವಾಗಿ ತಿಳಿಸಿ, ಹಡಗು ಸಂಸ್ಥೆಯಿಂದ ಲಿಖಿತ ಉತ್ತರ ಪಡೆಯಿರಿ. ದಡಕ್ಕೆ ಇಳಿಯದೆ ಹಡಗಿನಲ್ಲೇ ಇರುತ್ತೇವೆ ಎಂದರೂ ಕೆಲವು ಕಡೆ ದಾಖಲೆ ಕೇಳುತ್ತಾರೆ.

ಇನ್ನೊಂದು ವಿಷಯ ನಮ್ಮವರಲ್ಲಿ ಬಹಳ ಮಂದಿಗೆ ತಿಳಿದಿಲ್ಲ, ಹಾಗಾಗಿ ಒತ್ತಿ ಹೇಳುತ್ತೇನೆ. ಭಾರತ ಸರ್ಕಾರ ಹಳದಿ ಜ್ವರ ಇರುವ ದೇಶಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದೆ, ಪನಾಮಾ ಆ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟ ಆರು ದಿನಗಳೊಳಗೆ ಭಾರತ ತಲುಪುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಅವರನ್ನು ಪ್ರತ್ಯೇಕವಾಗಿ ಇರಿಸಬಹುದು. ಕ್ರೂಸ್ ಮುಗಿದ ಮರುದಿನವೇ ತಂದೆ ತಾಯಿಯನ್ನು ಬೆಂಗಳೂರಿನ ವಿಮಾನ ಹತ್ತಿಸುವ ಯೋಜನೆ ಇದ್ದರೆ ಇದು ದೊಡ್ಡ ತೊಡಕು. ಪ್ರಮಾಣಪತ್ರ ಜಾರಿಗೆ ಬರುವುದು ಚುಚ್ಚುಮದ್ದು ತೆಗೆದುಕೊಂಡ ಹತ್ತು ದಿನಗಳ ನಂತರ. ಒಮ್ಮೆ ಪಡೆದರೆ ಜೀವಮಾನವಿಡೀ ಸಾಕು. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ಅಡ್ಡಪರಿಣಾಮದ ಅಪಾಯ ಕೊಂಚ ಹೆಚ್ಚು. ಆದ್ದರಿಂದ ವೈದ್ಯರನ್ನು ಕೇಳದೆ ಹಾಕಿಸಬೇಡಿ. ವೈದ್ಯರು ಬೇಡವೆಂದರೆ ಸುಲಭದ ದಾರಿ, ಕ್ರೂಸ್ ಮುಗಿದ ಮೇಲೆ ಒಂದು ವಾರ ನಿಮ್ಮ ಮನೆಯಲ್ಲೇ ಉಳಿಸಿಕೊಂಡು ಆಮೇಲೆ ಕಳುಹಿಸುವುದು.

ಹಿರಿಯರಿಗೆ ಮಾಡಿಸಿದ ಆರೋಗ್ಯ ವಿಮೆಯ ಕರಾರನ್ನೂ ಓದಿ. ಅಮೆರಿಕದ ನೆಲದಲ್ಲಿ ಮಾತ್ರ ಅನ್ವಯಿಸುವ ವಿಮೆಗಳು ಸಾಕಷ್ಟಿವೆ. ಹಡಗಿನಲ್ಲಿ ಎದೆನೋವು ಕಾಣಿಸಿಕೊಂಡು ರೊವಾಟಾನ್‌ನಿಂದ ವಿಮಾನದಲ್ಲಿ ಸಾಗಿಸಬೇಕಾಗಿ ಬಂದರೆ ಆ ವೆಚ್ಚವನ್ನು ಭರಿಸುವಂಥ ವಿಮೆ ಬೇಕು.

ಹಂತ 3: ಗಡಿಯಾರದ ಲೆಕ್ಕ

ಈ ಪ್ರಯಾಣದಲ್ಲಿ ಜನ ಹೆಚ್ಚು ಎಡವುವುದು ಇಲ್ಲಿಯೇ. ಮಧ್ಯ ಅಮೆರಿಕದ ದೇಶಗಳಲ್ಲಿ ಬೇಸಿಗೆಗೆಂದು ಗಡಿಯಾರ ಮುಂದೆ ತಳ್ಳುವ ಪದ್ಧತಿ ಇಲ್ಲ, ಅಮೆರಿಕದಲ್ಲಿ ಇದೆ. ಜುಲೈ ತಿಂಗಳಲ್ಲಿ ಮಯಾಮಿಯಲ್ಲಿ ಮಧ್ಯಾಹ್ನ ನಾಲ್ಕಾದರೆ ಬೆಲೀಝ್‌ನಲ್ಲಿ ಇನ್ನೂ ಎರಡು ಗಂಟೆ. ಹಡಗು ಮಯಾಮಿಯ ಸಮಯವನ್ನೇ ಇಟ್ಟುಕೊಂಡಿದ್ದು, ನಿಮ್ಮ ಮೊಬೈಲ್ ದಡದ ಗೋಪುರದಿಂದ ಸ್ಥಳೀಯ ಸಮಯವನ್ನು ತಾನಾಗಿ ಎತ್ತಿಕೊಂಡರೆ, ಬೇಕಾದಷ್ಟು ಹೊತ್ತಿದೆ ಎಂದು ನೀವು ಎಳನೀರು ಕುಡಿಯುತ್ತ ಕುಳಿತಿರುವಾಗಲೇ ಹಡಗು ಹೊರಟಿರುತ್ತದೆ. ಪನಾಮಾ ಉಳಿದ ಆರು ದೇಶಗಳಿಗಿಂತ ಒಂದು ಗಂಟೆ ಮುಂದಿದೆ ಎಂಬುದನ್ನೂ ನೆನಪಿಡಿ. ಹಡಗಿನ ಸಮಯ ಯಾವುದು ಎಂದು ಹಿಂದಿನ ರಾತ್ರಿಯೇ ಕೇಳಿ, ಕೈಗೆ ಕಟ್ಟುವ ಮುಳ್ಳಿನ ಗಡಿಯಾರಕ್ಕೆ ಅದನ್ನು ಹೊಂದಿಸಿ, ದಡದಲ್ಲಿ ಅದೊಂದನ್ನೇ ನಂಬಿ.

ಈಗ ಕಳೆಯುವ ಲೆಕ್ಕ. ಪಟ್ಟಿಯಲ್ಲಿ ಎಂಟರಿಂದ ನಾಲ್ಕು ಎಂದಿರುತ್ತದೆ. ಬಂದರಿನ ಅಧಿಕಾರಿಗಳು ಹಡಗಿಗೆ ಅನುಮತಿ ಕೊಟ್ಟ ಮೇಲಷ್ಟೇ ಬಾಗಿಲು ತೆರೆಯುವುದು, ಅಲ್ಲಿ ಅರ್ಧ ಗಂಟೆ. ಸಾಲು, ದೋಣಿ, ಬಸ್ ಹುಡುಕುವುದು, ಇನ್ನೊಂದು ಗಂಟೆ. ಹೊರಡುವ ಅರ್ಧ ಗಂಟೆ ಮೊದಲೇ ಎಲ್ಲರೂ ಹಡಗಿನಲ್ಲಿರಬೇಕು. ಅದಕ್ಕೂ ಒಂದು ಗಂಟೆ ಮುಂಚೆ ಬಂದರಿಗೆ ಮರಳಿರಬೇಕು ಎಂಬುದು ನನ್ನ ಸ್ವಂತ ನಿಯಮ. ಉಳಿಯುವುದು ಐದು ಗಂಟೆ. ನೋಡಬೇಕಾದ ಜಾಗ ಒಂದು ಕಡೆಗೆ ತೊಂಬತ್ತು ನಿಮಿಷಕ್ಕಿಂತ ದೂರ ಇದ್ದರೆ, ಹಡಗಿನವರೇ ನಡೆಸುವ ಪ್ರವಾಸವಲ್ಲದೆ ಬೇರೆ ದಾರಿಯಲ್ಲಿ ಹೋಗಬೇಡಿ.

ಹಂತ 4: ಹಡಗಿನ ಪ್ರವಾಸವೋ, ಸ್ವಂತ ಏರ್ಪಾಡೋ

ಹಡಗಿನವರ ಮೂಲಕ ಕೊಂಡ ಪ್ರವಾಸದ ಬಸ್ ರಸ್ತೆಯಲ್ಲಿ ಸಿಕ್ಕಿಬಿದ್ದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದು. ನೀವೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಡವಾದರೆ ಹೊಣೆ ನಿಮ್ಮದೇ. ಸ್ಥಳೀಯ ಏರ್ಪಾಡು ಸಾಮಾನ್ಯವಾಗಿ ಅಗ್ಗ, ಗುಂಪು ಚಿಕ್ಕದು, ಮತ್ತು ಹಣ ನೇರವಾಗಿ ಆ ಊರಿನವರ ಕೈ ಸೇರುತ್ತದೆ. ಈ ಕೊನೆಯ ಕಾರಣವೇ ನನಗೆ ಮುಖ್ಯ. ನಾನು ಅನುಸರಿಸುವ ಕ್ರಮ ಹೀಗಿದೆ: ದೂರದ ಜಾಗಗಳಿಗೆ, ಭದ್ರತೆಯ ಚಿಂತೆ ಇರುವ ಊರುಗಳಿಗೆ ಹಡಗಿನ ಪ್ರವಾಸ, ಹತ್ತಿರದ ಕಡಲ ತೀರ, ಉದ್ಯಾನ, ಕೋಕೋ ತೋಟಗಳಿಗೆ ಸ್ಥಳೀಯರು.

ಸ್ಥಳೀಯರನ್ನು ಗೊತ್ತುಮಾಡುವಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: “ಹಡಗು ಬಾರದಿದ್ದರೆ ಹಣ ವಾಪಸ್ ಕೊಡುತ್ತೀರಾ?” ಗಾಳಿ ಎದ್ದರೆ ಬಂದರನ್ನು ಕೈಬಿಡುವ ಪೂರ್ಣ ಅಧಿಕಾರ ಕ್ಯಾಪ್ಟನ್‌ಗಿದೆ. ನಮ್ಮ ಎರಡನೆಯ ಪ್ರಯಾಣದಲ್ಲಿ ಹಾಗೆಯೇ ಆಯಿತು. ಮೊದಲೇ ಪೂರ್ತಿ ಹಣ ಪಡೆದಿದ್ದ ಒಬ್ಬ ಏಜೆಂಟರಿಂದ ಒಂದು ಡಾಲರ್ ಕೂಡ ಮರಳಿ ಬರಲಿಲ್ಲ.

ಹಂತ 5: ಹಣ, ಚೀಲ, ಕೊರಳಿನ ಚಿನ್ನ

ಅಮೆರಿಕನ್ ಡಾಲರ್ ಈ ಬಂದರುಗಳಲ್ಲೆಲ್ಲ ನಡೆಯುತ್ತದೆ, ಆದರೆ ಒಂದು, ಐದು, ಹತ್ತರ ನೋಟುಗಳೇ ಇರಲಿ. ಇಪ್ಪತ್ತರ ನೋಟು ಕೊಟ್ಟರೆ ಚಿಲ್ಲರೆ ಸ್ಥಳೀಯ ಹಣದಲ್ಲಿ ಬರುತ್ತದೆ, ಅದು ಹಡಗು ಹತ್ತಿದ ಮೇಲೆ ಯಾವ ಕೆಲಸಕ್ಕೂ ಬಾರದು. ಅಂಚು ಹರಿದ ನೋಟನ್ನು ಅಂಗಡಿಯವರು ನಯವಾಗಿ ಹಿಂದಕ್ಕೆ ಕೊಡುತ್ತಾರೆ. ಬೆಲೀಝ್‌ನಲ್ಲಿ ಎಚ್ಚರ ಬೇಕು: ಅಲ್ಲಿನ ಹಣದ ಹೆಸರೂ ಡಾಲರ್. ಎರಡು ಬೆಲೀಝ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್ ಎಂಬ ದರ ನಿಗದಿಯಾಗಿದೆ. “ಹತ್ತು ಡಾಲರ್” ಎಂದರೆ ಯಾವ ಡಾಲರ್ ಎಂದು ಕೇಳದೆ ಹಣ ಕೊಟ್ಟರೆ ಎರಡರಷ್ಟು ತೆರುತ್ತೀರಿ. ಪನಾಮಾದಲ್ಲಿ ಈ ಗೊಂದಲ ಇಲ್ಲ. ಅಲ್ಲಿನ ಬಾಲ್ಬೋವಾ ನಾಣ್ಯ ಡಾಲರಿನ ಸಮಕ್ಕೇ ಇದೆ, ಕಾಗದದ ನೋಟೆಲ್ಲ ಅಮೆರಿಕದ್ದೇ.

ಚಿನ್ನದ ವಿಷಯ ಮನೆಮಂದಿಯಲ್ಲಿ ಮಾತಾಗಬೇಕಾದದ್ದು. ಬೆಲೀಝ್ ಸಿಟಿ, ಲಿಮೋನ್, ಪನಾಮಾದ ಕೊಲೋನ್ ಮೂರೂ ಬಡತನ ಕಂಡ ಬಂದರು ಊರುಗಳು, ಕಿತ್ತುಕೊಂಡು ಓಡುವ ಕಳ್ಳರ ಭಯ ಇರುವ ಜಾಗಗಳು. ಬಳೆ, ಸರ, ಓಲೆಗಳನ್ನು ಕ್ಯಾಬಿನ್ನಿನ ತಿಜೋರಿಯಲ್ಲಿ ಬಿಟ್ಟು ಹೋಗಿ. ತಾಳಿ ತೆಗೆಯಲು ನನ್ನ ತಾಯಿ ಒಪ್ಪಲಿಲ್ಲ, ಅವರನ್ನು ಒತ್ತಾಯಿಸುವ ಮನಸ್ಸು ನನಗೂ ಬರಲಿಲ್ಲ. ಕೊರಳು ಮುಚ್ಚುವ ಕುರ್ತಾ ಹಾಕಿಸಿ, ಸರ ಹೊರಗೆ ಕಾಣದಂತೆ ಒಳಗೆ ಸೇರಿಸಿದೆವು. ಆ ಮೇಲೆ ಎಲ್ಲಿಯೂ ಚಿಂತೆಯಾಗಲಿಲ್ಲ.

ಚೀಲದಲ್ಲಿ ಇರಬೇಕಾದವು: ಹಡಗಿನ ಕಾರ್ಡ್, ಭಾವಚಿತ್ರವಿರುವ ಒಂದು ಗುರುತಿನ ಚೀಟಿ, ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ನಕಲು, ಹಡಗಿನ ಸ್ಥಳೀಯ ಪ್ರತಿನಿಧಿಯ ಫೋನ್ ಸಂಖ್ಯೆ (ಇದು ದಿನಪತ್ರಿಕೆಯಂತೆ ಕ್ಯಾಬಿನ್‌ಗೆ ಬರುವ ಹಾಳೆಯಲ್ಲಿ ಅಥವಾ ಹಡಗಿನ ಆ್ಯಪ್‌ನಲ್ಲಿ ಇರುತ್ತದೆ), ಒಂದು ದಿನಕ್ಕೆ ಹೆಚ್ಚಾಗುವಷ್ಟು ಮಾತ್ರೆಗಳು, ನೀರು, ತೆಳು ಮಳೆಯಂಗಿ, ಸೊಳ್ಳೆ ತಡೆಯುವ ಲೇಪ. ಡೆಂಗಿ ಈ ಭಾಗದಲ್ಲಿ ಇದೆ, ಅದನ್ನು ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಮೊಬೈಲನ್ನು ಹಡಗಿನಲ್ಲಿರುವಾಗ ವಿಮಾನದ ಮೋಡ್‌ನಲ್ಲಿಡಿ. ನಡುಗಡಲಿನಲ್ಲಿ ಹಡಗಿನ ಜಾಲಕ್ಕೆ ತಾನಾಗಿ ಸೇರಿಕೊಂಡರೆ ಬಿಲ್ಲು ಬಹಳ ದೊಡ್ಡದಾಗುತ್ತದೆ.

ಹಂತ 6: ಯಾವ ಬಂದರಿನಲ್ಲಿ ಏನು

*ಬೆಲೀಝ್ ಸಿಟಿ.* ಇಂಗ್ಲಿಷ್ ಅಧಿಕೃತ ಭಾಷೆಯಾದ್ದರಿಂದ ಮಾತಿಗೆ ತೊಂದರೆ ಇಲ್ಲ. 1981ರವರೆಗೂ ಇದು ಬ್ರಿಟಿಷರ ಆಳ್ವಿಕೆಯಲ್ಲಿತ್ತು. 1961ರ ಹ್ಯಾಟಿ ಚಂಡಮಾರುತ ಊರನ್ನು ಹಾಳುಗೆಡವಿದ ಮೇಲೆ ರಾಜಧಾನಿಯನ್ನು ಒಳನಾಡಿನ ಬೆಲ್ಮೊಪಾನ್‌ಗೆ ಒಯ್ದರು. ಒಪ್ಪಂದದ ಕೂಲಿಗಳಾಗಿ ಬ್ರಿಟಿಷರು 19ನೆಯ ಶತಮಾನದಲ್ಲಿ ತಂದ ಭಾರತೀಯರ ವಂಶಸ್ಥರು ಇಂದಿಗೂ ಇಲ್ಲಿದ್ದಾರೆ. ದಡದಿಂದ ಬರುವ ವೇಗದ ದೋಣಿಗಳಿಗೆ ಇಪ್ಪತ್ತು ನಿಮಿಷದ ಆಸುಪಾಸು ಹಿಡಿಯುತ್ತದೆ. ನಿಮಗೆ ಲೆಕ್ಕಕ್ಕೆ ಬೇಕಾದದ್ದು ಹಡಗು ಹೊರಡುವ ಸಮಯವಲ್ಲ, ಕೊನೆಯ ದೋಣಿಯ ಸಮಯ.

ಐದು ಗಂಟೆಯಲ್ಲಿ ಆಗುವಂಥದ್ದು ಆಲ್ತುನ್ ಹಾ ಎಂಬ ಹಳೆಯ ಮಾಯಾ ನಗರಿ. ಉತ್ತರಕ್ಕೆ ಸುಮಾರು 50 ಕಿಲೋಮೀಟರ್, ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿನ ಎತ್ತರದ ದೇಗುಲ ಸುಮಾರು 16 ಮೀಟರ್, ಮೆಟ್ಟಿಲು ಹತ್ತಬಹುದು. ಇಲ್ಲಿಯೇ 1968ರಲ್ಲಿ ನಾಲ್ಕು ಕಿಲೋಗ್ರಾಮಿಗೂ ಹೆಚ್ಚು ತೂಕದ, ಪಚ್ಚೆ ಬಣ್ಣದ ಜೇಡ್ ಕಲ್ಲಿನಲ್ಲಿ ಕಡೆದ ಸೂರ್ಯದೇವನ ತಲೆ ಸಿಕ್ಕಿತು. ಮಾಯಾ ಜನರ ಕೈಯಲ್ಲಿ ಕಬ್ಬಿಣದ ಉಳಿ ಇರಲಿಲ್ಲ ಎಂಬುದನ್ನು ನೆನೆದು ಆ ಕೆತ್ತನೆಯ ಚಿತ್ರ ನೋಡಿ. ಎಳೆಯರಿದ್ದರೆ ಗುಹೆಯೊಳಗಿನ ಹೊಳೆಯಲ್ಲಿ ಟ್ಯೂಬಿನ ಮೇಲೆ ತೇಲುವುದು ಒಳ್ಳೆಯ ಆಯ್ಕೆ. ಆದರೆ ಅದಕ್ಕೆ ಕಾಡಿನ ಹಾದಿಯಲ್ಲಿ ಅರ್ಧ ಗಂಟೆಯಷ್ಟು ನಡೆಯಬೇಕು. ಗುಹೆಗಳನ್ನು ಮಾಯಾ ಜನ ಪಾತಾಳದ ಬಾಗಿಲೆಂದು ಪೂಜಿಸುತ್ತಿದ್ದರು. ಜಗತ್ತಿನ ಎರಡನೆಯ ಅತಿದೊಡ್ಡ ಹವಳದ ದಿಬ್ಬದ ಸಾಲು ಇದೇ ಕರಾವಳಿಯ ಉದ್ದಕ್ಕೂ ಇದೆ, 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಗ್ರೇಟ್ ಬ್ಲೂ ಹೋಲ್ ಎಂದು ಪ್ರಸಿದ್ಧವಾದ, ಕಡಲೊಳಗಿನ ದುಂಡನೆಯ ನೀಲಿ ಕುಳಿಯನ್ನು ಮಾತ್ರ ಬಂದರಿನ ದಿನದಲ್ಲಿ ನೋಡಲು ಸಣ್ಣ ವಿಮಾನವೇ ಬೇಕು. ಬಂದರಿನ ಅಂಗಡಿ ಸಾಲಿನ ಆಚೆ ಒಬ್ಬರೇ ಅಲೆಯುವುದು ಬೇಡ.

*ರೊವಾಟಾನ್.* ಹಿರಿಯರೊಂದಿಗೆ ಹೋಗುವವರಿಗೆ ನಾನು ಮೊದಲು ಹೇಳುವ ಹೆಸರು ಇದು. ಹಡಗು ಧಕ್ಕೆಗೇ ತಾಗುತ್ತದೆ, ದ್ವೀಪ ಸಣ್ಣದು, ಇಂಗ್ಲಿಷ್ ಬಲ್ಲವರು ಬಹಳ. ಒಂದೇ ಎಚ್ಚರ: ಇಲ್ಲಿ ಎರಡು ಕ್ರೂಸ್ ಧಕ್ಕೆಗಳಿವೆ, ಒಂದು ಕಾಕ್ಸನ್ ಹೋಲ್ ಊರಿನಲ್ಲಿ, ಇನ್ನೊಂದು ಅದರ ಪೂರ್ವಕ್ಕೆ, ಮೊದಲು ಮಹೋಗನಿ ಬೇ ಎನ್ನುತ್ತಿದ್ದ, ಈಗ ಇಸ್ಲಾ ಟ್ರೊಪಿಕಾಲೆ ಎಂದು ಹೆಸರು ಬದಲಾದ ಜಾಗದಲ್ಲಿ. ಚಾಲಕನನ್ನು ಗೊತ್ತುಮಾಡುವಾಗಲೂ ಮರಳುವಾಗಲೂ ನಿಮ್ಮ ಹಡಗು ಯಾವುದರಲ್ಲಿ ನಿಂತಿದೆ ಎಂದು ಹೇಳಬೇಕು. ಟ್ಯಾಕ್ಸಿ ದರ ಒಬ್ಬರಿಗೋ ಎಲ್ಲರಿಗೂ ಸೇರಿಯೋ, ಹೋಗಲಷ್ಟೆಯೋ ಬರಲೂ ಸೇರಿಯೋ ಎಂದು ಕೂರುವ ಮೊದಲೇ ಬಿಡಿಸಿ ಕೇಳಿ.

ವೆಸ್ಟ್ ಬೇ ಕಡಲ ತೀರದಲ್ಲಿ ಹವಳದ ದಿಬ್ಬ ದಡಕ್ಕೆ ಎಷ್ಟು ಹತ್ತಿರವೆಂದರೆ ಕೆಲವೇ ನಿಮಿಷ ಈಜಿದರೆ ಮೀನುಗಳ ನಡುವೆ ಇರುತ್ತೀರಿ. ಈಜು ಬಾರದವರೂ ಜೀವರಕ್ಷಕ ಅಂಗಿ ತೊಟ್ಟು ಮುಖವನ್ನಷ್ಟೇ ನೀರಿಗಿಟ್ಟು ನೋಡಬಹುದು. ಎಪ್ಪತ್ತರ ಹೊಸ್ತಿಲಲ್ಲಿರುವ ನನ್ನ ತಾಯಿ, ಹೊಳೆಯಲ್ಲಿ ಮಂಡಿಗಿಂತ ಮೇಲೆ ಇಳಿಯದವರು, ಅಂದು ಅರ್ಧ ಗಂಟೆ ತಲೆ ಎತ್ತಲಿಲ್ಲ. ಹವಳದ ಮೇಲೆ ಕಾಲಿಡಬೇಡಿ. ಅದು ಕಲ್ಲಲ್ಲ, ಜೀವಿ. ಬಿಸಿಲಿಗೆ ಲೇಪ ಬಳಿಯುವುದಕ್ಕಿಂತ ಉದ್ದ ತೋಳಿನ ಈಜಂಗಿ ತೊಡುವುದು ಹವಳಕ್ಕೂ ಒಳ್ಳೆಯದು. ಸಂಜೆಗೆ ಮತ್ತು ಗಾಳಿ ಬಿದ್ದಾಗ ಮರಳಿನಲ್ಲಿ ನೊರಜುಗಳು ಏಳುತ್ತವೆ, ಅವು ಕಚ್ಚಿದರೆ ತುರಿಕೆ ವಾರ ಕಾಡುತ್ತದೆ. ದ್ವೀಪದವರು ಕಾಲಿಗೆ ಎಣ್ಣೆ ಸವರಿಕೊಳ್ಳುತ್ತಾರೆ, ನಮ್ಮ ಕೊಬ್ಬರಿ ಎಣ್ಣೆಯೂ ಆ ಕೆಲಸ ಮಾಡುತ್ತದೆ.

ಕಡಲು ಬೇಡವೆನ್ನುವವರು ಪುಂತಾ ಗೋರ್ದಾ ಎಂಬ ಗಾರಿಫುನಾ ಹಳ್ಳಿಗೆ ಹೋಗಿ. ಆಫ್ರಿಕದವರು ಮತ್ತು ಕೆರಿಬಿಯನ್ ಮೂಲನಿವಾಸಿಗಳು ಬೆರೆತು ಹುಟ್ಟಿದ ಈ ಜನರನ್ನು ಬ್ರಿಟಿಷರು 1797ರಲ್ಲಿ ಸೇಂಟ್ ವಿನ್ಸೆಂಟ್ ದ್ವೀಪದಿಂದ ಗಡೀಪಾರು ಮಾಡಿ ತಂದು ಬಿಟ್ಟದ್ದು ಇದೇ ರೊವಾಟಾನ್‌ನಲ್ಲಿ. ಅವರ ಭಾಷೆ, ಕುಣಿತ, ಸಂಗೀತವನ್ನು ಯುನೆಸ್ಕೊ 2001ರಲ್ಲಿ ಮನುಕುಲದ ಪರಂಪರೆಯೆಂದು ಸಾರಿತು.

*ಸಾಂತೊ ತೊಮಾಸ್ ದೆ ಕಾಸ್ತಿಯಾ.* ಇಳಿದ ಕೂಡಲೇ ಕಾಣುವುದು ಕಂಟೇನರ್‌ಗಳ ರಾಶಿ. ಅದನ್ನು ಕಂಡು ಹಡಗಿಗೆ ಹಿಂತಿರುಗಬೇಡಿ. ಇಲ್ಲಿಂದ ದೋಣಿಯಲ್ಲಿ ಲಿವಿಂಗ್‌ಸ್ಟನ್‌ಗೆ ಹೋಗಬಹುದು. ಆ ಊರಿಗೆ ರಸ್ತೆಯೇ ಇಲ್ಲ, ನೀರೇ ದಾರಿ. ಅಲ್ಲಿಂದ ರಿಯೊ ದುಲ್ಸೆ ಹೊಳೆಯ ಕಣಿವೆಯೊಳಗೆ ದೋಣಿ ನುಗ್ಗಿದಾಗ ಎರಡೂ ಕಡೆ ಕಾಡಿನ ಗೋಡೆ ಏಳುತ್ತದೆ. ಇತಿಹಾಸ ಬೇಕಾದವರಿಗೆ ಕಿರಿಗ್ವಾ ಎಂಬ ಹಳೆಯ ಮಾಯಾ ನಗರಿ, ಇದಕ್ಕೆ ಹಡಗಿನ ಪ್ರವಾಸವೇ ಸರಿ. ಬಾಳೆ ತೋಟಗಳ ನಡುವೆ ನಿಂತ ಆ ಶಿಲಾಸ್ತಂಭಗಳಲ್ಲಿ ಒಂದು, ಮಣ್ಣೊಳಗಿನ ಭಾಗವೂ ಸೇರಿ 10 ಮೀಟರಿಗೂ ಎತ್ತರ. ಕ್ರಿ.ಶ. 738ರಲ್ಲಿ ಈ ಸಣ್ಣ ನಗರಿಯ ಅರಸ ತನ್ನ ಒಡೆಯನಾಗಿದ್ದ, ಕೋಪಾನ್ ಎಂಬ ಇನ್ನೊಂದು ಮಾಯಾ ನಗರಿಯ ದೊರೆಯನ್ನೇ ಸೆರೆಹಿಡಿದು ತಲೆ ತೆಗೆಸಿದ, ಆ ಗೆಲುವಿನ ನಂತರವೇ ಇಂಥ ಕಂಬಗಳು ಎದ್ದವು. ನಮ್ಮ ವೀರಗಲ್ಲು, ಶಾಸನಗಳನ್ನು ನೋಡಿ ಬೆಳೆದವರಿಗೆ ಕಲ್ಲಿನ ಮೇಲೆ ಅರಸ ತನ್ನ ಗೆಲುವಿನ ದಿನಾಂಕ ಕೊರೆಸುವ ಬಗೆ ಹೊಸತೆನಿಸುವುದಿಲ್ಲ. ಗ್ವಾಟೆಮಾಲದಲ್ಲಿ ಹೆಂಗಸರ, ಮಕ್ಕಳ ಫೋಟೊವನ್ನು ಒಪ್ಪಿಗೆ ಇಲ್ಲದೆ ತೆಗೆಯಬೇಡಿ. ಅಲ್ಲಿನವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ನಮ್ಮ ಏಲಕ್ಕಿಯ ಬೀಜ ಕಳೆದ ಶತಮಾನದ ಆದಿಯಲ್ಲಿ ಈ ದೇಶಕ್ಕೆ ಹೋಯಿತು. ಇಂದು ಜಗತ್ತಿಗೆ ಅತಿ ಹೆಚ್ಚು ಏಲಕ್ಕಿ ಮಾರುವ ದೇಶ ಗ್ವಾಟೆಮಾಲ. ಬಂದರಿನ ಅಂಗಡಿಯಲ್ಲಿ ಸಣ್ಣ ಪೊಟ್ಟಣ ಕಂಡ ನನ್ನ ತಂದೆ ಒಂದು ಕಾಯಿ ಬಿಡಿಸಿ, ಮೂಸಿ, ಬಹಳ ಹೊತ್ತು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಿದ್ದರು. ನಮ್ಮ ತೋಟಗಳಲ್ಲಿ ಏಲಕ್ಕಿಯನ್ನು ಹಾಳುಮಾಡುವ ಕಟ್ಟೆ ರೋಗ ಬಂದ ವರ್ಷಗಳನ್ನು ಕಂಡವರು ಅವರು.

*ಪ್ವೆರ್ತೊ ಕೆತ್ಸಾಲ್.* ಪೆಸಿಫಿಕ್ ಕಡೆ. ಬಂದರಿನಲ್ಲಿ ಹೊತ್ತು ಕಳೆಯದೆ ನೇರ ಆಂಟಿಗ್ವಾಕ್ಕೆ ಹೋಗಿ, ಬಸ್ಸಿನಲ್ಲಿ ತೊಂಬತ್ತು ನಿಮಿಷ. 1773ರ ಭೂಕಂಪದ ಮೇಲೆ ರಾಜಧಾನಿ ಎದ್ದು ಹೋಯಿತು, ಮುರಿದ ಇಗರ್ಜಿಗಳು ಉಳಿದವು. ಊರಿನ ಸುತ್ತ ಮೂರು ಜ್ವಾಲಾಮುಖಿಗಳು, ಅವುಗಳಲ್ಲಿ ಫ್ವೇಗೊ ಈಗಲೂ ಹೊಗೆ ಕಾರುತ್ತದೆ.

*ಲಿಮೋನ್.* ಕೊಲಂಬಸ್ ತನ್ನ ನಾಲ್ಕನೆಯ ಯಾನದಲ್ಲಿ, 1502ರಲ್ಲಿ, ಬಂದು ನಿಂತ ಕರಾವಳಿ ಇದು. ರೈಲು ಹಾಕಲು, ಬಾಳೆ ಬೆಳೆಯಲು ಜಮೈಕಾದಿಂದ ಬಂದವರ ಮಕ್ಕಳು ಮೊಮ್ಮಕ್ಕಳ ಊರು. ಧಕ್ಕೆಯಿಂದ ಕೆಲವೇ ನಿಮಿಷ ನಡೆದರೆ ವಾರ್ಗಾಸ್ ಉದ್ಯಾನ. ಅಲ್ಲಿನ ದೊಡ್ಡ ಮರಗಳಲ್ಲಿ ಸ್ಲಾತ್ ಎಂಬ, ಕೊಂಬೆಗಳಲ್ಲೇ ಬಾಳುವ ನಿಧಾನಗತಿಯ ಪ್ರಾಣಿಗಳು ಇರುತ್ತವೆ. ಕೊಂಬೆಯ ಕವಲಿನಲ್ಲಿ ಹಳೆಯ ಗೂಡಿನಂತೆ ಕಾಣುವ ಕಂದು ಮುದ್ದೆ ಯಾವುದಿದೆ ಎಂದು ಹುಡುಕಬೇಕು. ಹಣಕ್ಕಾಗಿ ಸ್ಲಾತ್ ಮರಿಯನ್ನು ಕೈಗೆ ಕೊಟ್ಟು ಫೋಟೊ ತೆಗೆಸುವವರಿಗೆ ಎಲ್ಲಿಯೂ ಉತ್ತೇಜನ ಕೊಡಬೇಡಿ.

ಸ್ವಂತ ಏರ್ಪಾಡಿಗೆ ಲಿಮೋನ್ ಒಳ್ಳೆಯ ಜಾಗ. ದಕ್ಷಿಣಕ್ಕೆ 45 ಕಿಲೋಮೀಟರ್ ಆಸುಪಾಸಿನಲ್ಲಿ ಕಾವೀತಾ ರಾಷ್ಟ್ರೀಯ ಉದ್ಯಾನ. ಕಡಲಿಗೂ ಕಾಡಿಗೂ ನಡುವೆ ಸಮತಟ್ಟಾದ ಕಾಲುದಾರಿ, ಮೇಲೆ ಕೋತಿಗಳು, ಪಕ್ಕದಲ್ಲಿ ಬಿಳಿ ಮರಳು. ತಿಂಡಿಯ ಚೀಲವನ್ನು ಬಿಗಿಯಾಗಿ ಕಟ್ಟಿ. ಇಲ್ಲವೇ ಉತ್ತರದ ತೊರ್ತುಗೆರೊ ಕಾಲುವೆಗಳಲ್ಲಿ ದೋಣಿ. ದಾರಿಯಲ್ಲಿ ಒಂದು ಕೋಕೋ ತೋಟಕ್ಕೆ ಹೋಗಿದ್ದೆವು. ಬೇಲಿಯ ಗಿಡ ಕಂಡ ತಂದೆ “ಇದು ನಮ್ಮ ಗೊಬ್ಬರದ ಗಿಡ ಗ್ಲಿರಿಸಿಡಿಯ!” ಎಂದು ಕೂಗಿದರು. ತೋಟದವನು ನಕ್ಕು, ತಮ್ಮಲ್ಲಿ ಅದಕ್ಕೆ ಕೋಕೋದ ತಾಯಿ ಎನ್ನುತ್ತಾರೆ ಎಂದ. ಕೋಕೋ ಸಸಿಗಳಿಗೆ ಅದೇ ನೆರಳು. ಗ್ಲಿರಿಸಿಡಿಯದ ತವರು ಇದೇ ನಾಡು. ನಾವು ಮನೆಯ ಹಿತ್ತಿಲಿನದೆಂದು ಭಾವಿಸುವ ಸಪೋಟದ ತವರೂ ಇದೇ. ಮಾಯಾ ಜನ ಅದರ ಗಟ್ಟಿ ಮರವನ್ನು ದೇಗುಲಗಳ ಬಾಗಿಲ ತೊಲೆಗೆ ಬಳಸಿದ್ದರು.

*ಕೊಲೋನ್ ಮತ್ತು ಕಾಲುವೆ.* ಕೊಲೋನ್ ಊರಿನಲ್ಲಿ ನಡೆದು ಸುತ್ತಬೇಡಿ, ಬಂದರಿನಿಂದ ವಾಹನದಲ್ಲೇ ಹೊರಡಿ. 1948ರಲ್ಲಿ ಆರಂಭವಾದ ಇಲ್ಲಿನ ಮುಕ್ತ ವಾಣಿಜ್ಯ ವಲಯದಲ್ಲಿ ಸಿಂಧಿ, ಗುಜರಾತಿ ವ್ಯಾಪಾರಿಗಳು ತಲೆಮಾರುಗಳಿಂದ ಇದ್ದಾರೆ. ಹಡಗು ಇಲ್ಲಿ ನಿಂತಷ್ಟಕ್ಕೇ ಕಾಲುವೆ ನೋಡಿದಂತಾಗುವುದಿಲ್ಲ. ಟಿಕೆಟ್ ಕೊಳ್ಳುವಾಗಲೇ ತಿಳಿದುಕೊಳ್ಳಿ: ಕೆಲವು ಹಡಗುಗಳು ಕಾಲುವೆಯನ್ನು ಪೂರ್ತಿ ದಾಟುತ್ತವೆ, ಕೆಲವು ಗಾತುನ್ ಕೆರೆಯವರೆಗೆ ಏರಿ, ಅಲ್ಲಿಂದಲೇ ತಿರುಗುತ್ತವೆ, ಕೆಲವು ಕೊಲೋನ್‌ನಲ್ಲಿ ನಿಲ್ಲುತ್ತವೆ ಅಷ್ಟೆ, ಆಗ ಬಸ್ಸಿನಲ್ಲಿ ಅಗ್ವಾ ಕ್ಲಾರಾ ವೀಕ್ಷಣಾ ಕೇಂದ್ರಕ್ಕೆ ಹೋಗಿ ಬೇರೆ ಹಡಗುಗಳು ಏರುವುದನ್ನು ನೋಡಬೇಕು.

ನಿಮ್ಮ ಹಡಗೇ ದಾಟುವುದಾದರೆ ಆ ದಿನ ಬೆಳಿಗ್ಗೆ ಐದಕ್ಕೇ ಎದ್ದು ಹಡಗಿನ ಮುಂಭಾಗಕ್ಕೆ ಹೋಗಿ. ಸುಮಾರು 80 ಕಿಲೋಮೀಟರ್ ಉದ್ದದ ಈ ಕಾಲುವೆ 1914ರ ಆಗಸ್ಟ್ 15ರಂದು ತೆರೆಯಿತು. ಹಡಗು ಕಾಂಕ್ರೀಟಿನ ತೊಟ್ಟಿಯೊಳಗೆ ಬರುತ್ತದೆ, ಹಿಂದೆ ಬಾಗಿಲು ಮುಚ್ಚುತ್ತದೆ, ಕೆರೆಯ ನೀರು ತನ್ನ ಭಾರಕ್ಕೇ ಇಳಿದು ಬಂದು ಹಡಗನ್ನು ಎತ್ತುತ್ತದೆ. ನೀರೆತ್ತುವ ಪಂಪು ಒಂದೂ ಇಲ್ಲ. ಮೂರು ಮೆಟ್ಟಿಲು ಏರಿದಾಗ ನೀವು ಕಡಲಿಗಿಂತ 26 ಮೀಟರ್ ಮೇಲೆ, ಚಾಗ್ರೆಸ್ ಹೊಳೆಗೆ ಅಣೆ ಕಟ್ಟಿ ಮಾಡಿದ ಕೆರೆಯಲ್ಲಿ ತೇಲುತ್ತಿರುತ್ತೀರಿ. ಹಳೆಯ ತೊಟ್ಟಿಗಳ ಅಗಲ 33.5 ಮೀಟರ್; ಅದಕ್ಕೆಂದೇ ಅಳೆದು ಕಟ್ಟಿದ ಹಡಗಿನಲ್ಲಿ ಕೆಳಗಿನ ಬಾಲ್ಕನಿಯವರಿಗೆ ಕೈಗೆಟುಕುವಷ್ಟು ಹತ್ತಿರ ಗೋಡೆ ಮಾತ್ರ ಕಾಣುತ್ತದೆ, ಹಾಗಾಗಿ ಮೇಲಿನ ಅಂತಸ್ತಿಗೆ ಹೋಗಿ. ಇನ್ನೂ ದೊಡ್ಡ ಹಡಗುಗಳಿಗೆ 2016ರಲ್ಲಿ ಹೊಸ ತೊಟ್ಟಿಗಳು ಬಂದಿವೆ. ಒಂದು ಹಡಗು ಹಳೆಯ ತೊಟ್ಟಿಗಳ ಮೂಲಕ ದಾಟಲು ಸುಮಾರು 20 ಕೋಟಿ ಲೀಟರ್ ಸಿಹಿನೀರು ಕಡಲಿಗೆ ಹೋಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ ದಾಟುವ ಹಡಗುಗಳ ಸಂಖ್ಯೆಯನ್ನೇ ಕಡಿಮೆ ಮಾಡಬೇಕಾಯಿತು. ಕನ್ನಂಬಾಡಿಯ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ದಿನವೂ ನೋಡುವ ನಮಗೆ ಆ ಆತಂಕವನ್ನು ವಿವರಿಸಬೇಕಾಗಿಲ್ಲ. ದಾಟಲು ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. ಟೋಪಿ, ನೀರು, ಕೂರಲು ನೆರಳಿನ ಜಾಗ, ಮೂರೂ ಬೇಕು.

ಹಂತ 7: ಸಸ್ಯಾಹಾರಿಗಳ ಊಟ

ಅನ್ನ ಮತ್ತು ಹುರುಳಿಯಂಥ ಕಾಳು ಎಲ್ಲ ಬಂದರಿನಲ್ಲೂ ಇದೆ, ಆದರೆ ಕಾಳನ್ನು ಹಲವು ಕಡೆ ಹಂದಿಯ ಕೊಬ್ಬು ಅಥವಾ ಮಾಂಸದ ತುಂಡು ಹಾಕಿ ಬೇಯಿಸುತ್ತಾರೆ. ಸ್ಪ್ಯಾನಿಷ್‌ನಲ್ಲಿ “ಸಿನ್ ಕಾರ್ನೆ” (ಮಾಂಸ ಬೇಡ) ಎಂದಷ್ಟೇ ಹೇಳಿದರೆ ಕೋಳಿ ಬರಬಹುದು. “ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೇಕಾ” ಎಂದು ಕೋಳಿ, ಮೀನು, ಕೊಬ್ಬು ಮೂರನ್ನೂ ಸೇರಿಸಿ. ಹೊಂಡುರಾಸ್‌ನ ಬಲೆಯಾದಾ ನಮ್ಮವರ ನಾಲಿಗೆಗೆ ಒಗ್ಗುತ್ತದೆ: ಗೋಧಿಯ ದಪ್ಪ ರೊಟ್ಟಿಯೊಳಗೆ ಅರೆದ ಕಾಳು, ಚೀಸ್, ಕೆನೆ. ಬಾಳೆಕಾಯಿಯನ್ನು ಜಜ್ಜಿ ಎರಡು ಬಾರಿ ಕರಿದ ಪತಕೋನೆಸ್ ಲಿಮೋನ್‌ನಲ್ಲೂ ಪನಾಮಾದಲ್ಲೂ ಸಿಗುತ್ತದೆ. ಕರಿದ ಎಣ್ಣೆ ಯಾವುದೆಂದು ಕೇಳಿಕೊಳ್ಳಿ. ಹಡಗಿನ ಹಣ್ಣು, ಬೇಯಿಸಿದ ಊಟವನ್ನು ದಡಕ್ಕೆ ಒಯ್ಯಲು ಬಿಡುವುದಿಲ್ಲ, ಕೃಷಿ ಇಲಾಖೆಯವರು ಚೀಲ ನೋಡುತ್ತಾರೆ. ಮೊಹರು ಒಡೆಯದ ಚಕ್ಕುಲಿ, ಬಿಸ್ಕತ್ತಿನ ಪೊಟ್ಟಣಕ್ಕೆ ನಮಗೆಲ್ಲೂ ಅಡ್ಡಿಯಾಗಲಿಲ್ಲ.

ಹಂತ 8: ಮರಳುವಾಗ

ಹಡಗು ತಪ್ಪಿಯೇ ಹೋಯಿತೆಂದುಕೊಳ್ಳೋಣ. ಧಕ್ಕೆಯಲ್ಲಿ ಹಡಗಿನ ಸ್ಥಳೀಯ ಪ್ರತಿನಿಧಿ ಇರುತ್ತಾರೆ, ಮೊದಲು ಅವರನ್ನು ಹುಡುಕಿ. ಎಲ್ಲರೂ ಹತ್ತದಿದ್ದಾಗ ಸಿಬ್ಬಂದಿ ಅನೇಕ ಸಲ ಕ್ಯಾಬಿನ್ನಿನ ತಿಜೋರಿಯಿಂದ ಪಾಸ್‌ಪೋರ್ಟ್ ತೆಗೆದು ಆ ಪ್ರತಿನಿಧಿಯ ಕೈಗೆ ಕೊಟ್ಟು ಹೋಗುತ್ತಾರೆ. ಅದಕ್ಕಾಗಿ ಪಾಸ್‌ಪೋರ್ಟನ್ನು ತಿಜೋರಿಯಲ್ಲೇ ಇಡಿ, ಬಟ್ಟೆಗಳ ನಡುವೆ ಬಚ್ಚಿಡಬೇಡಿ. ಮುಂದಿನ ಬಂದರಿಗೆ ಹೋಗುವ ಖರ್ಚು ನಿಮ್ಮದು.

ಅಮೆರಿಕಕ್ಕೆ ಮರಳಿ ಇಳಿಯುವಾಗ ತಂದ ತಿಂಡಿ ಸಾಮಾನುಗಳನ್ನು ಮುಚ್ಚಿಡದೆ ಹೇಳಿ. ಹುರಿದ ಕಾಫಿ ಬೀಜಕ್ಕೆ ಅಡ್ಡಿ ಇಲ್ಲ. ಹಣ್ಣು, ಸಸಿ, ಬಿತ್ತನೆ ಬೀಜಕ್ಕೆ ಇದೆ. ಕೋಕೋ ತೋಟದಲ್ಲಿ ಆಸೆಯಿಂದ ಕೊಟ್ಟ ಹಸಿ ಕಾಯನ್ನು ನನ್ನ ತಂದೆ ಧಕ್ಕೆಯ ಬಳಿಯ ಒಂದು ಮಗುವಿನ ಕೈಗಿಟ್ಟು ಬಂದರು. ಹವಳದ ತುಂಡು, ಆಮೆಚಿಪ್ಪಿನ ಒಡವೆಗಳನ್ನು ಅಂಗಡಿಯಲ್ಲಿ ಮಾರುತ್ತಿದ್ದರೂ ಕೊಳ್ಳಬೇಡಿ, ಗಡಿಯಲ್ಲಿ ಅವನ್ನು ಕಿತ್ತುಕೊಳ್ಳುತ್ತಾರೆ, ದಂಡವೂ ಬೀಳುತ್ತದೆ.

ಪನಾಮಾ ಮುಟ್ಟಿ ಬಂದ ಹಿರಿಯರು ಆರು ದಿನದೊಳಗೆ ಭಾರತಕ್ಕೆ ಹೊರಟರೆ ಹಳದಿ ಜ್ವರದ ಲಸಿಕೆಯ ಪುಸ್ತಿಕೆಯನ್ನು ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿನಲ್ಲಿಡಬೇಡಿ. ಪಾಸ್‌ಪೋರ್ಟಿನ ಜೊತೆ ಅವರ ಕೈಚೀಲದಲ್ಲೇ ಇರಲಿ. ಬೆಂಗಳೂರಿನಲ್ಲಿ ಇಳಿದಾಗ ಆರೋಗ್ಯ ಅಧಿಕಾರಿಗಳು ಕೇಳಿದರೆ ಅಲ್ಲಿಯೇ ತೋರಿಸಬೇಕಾಗುತ್ತದೆ.